ಬರನಾಡಿನ ಮಕ್ಕಳೂ ಬಿಳಿನೀರಿನ ಹೊಳೆಯೂ

ಪರದೇಶಕ್ಕೆ ಓದಲು ಹೋದ ಮಕ್ಕಳು ಊರಿಗೆ ಕಳುಹಿಸುವ ಸುದ್ದಿಯಲ್ಲಿ ಎರಡು ಬಗೆ. ತಂದೆತಾಯಿಗಳಿಗೆ ಹೇಳತಕ್ಕ ಸುದ್ದಿ ಒಂದು. ಹಳೆಯ ಮೇಷ್ಟರಿಗೆ ಹೇಳಬಹುದಾದ ಸುದ್ದಿ ಇನ್ನೊಂದು. ಪರೀಕ್ಷೆ, ಊಟ, ಚಳಿ, ಕೊಠಡಿಯ ಬಾಡಿಗೆ ಇವೆಲ್ಲ ಮೊದಲನೆಯ ಬಗೆಯವು. ಎರಡನೆಯ ಬಗೆಯ ಸುದ್ದಿ ಸಾಮಾನ್ಯವಾಗಿ “ಸಾರ್, ಮನೆಯಲ್ಲಿ ಹೇಳಬೇಡಿ” ಎಂಬ ಪೀಠಿಕೆಯಿಂದಲೇ ಮೊದಲಾಗುತ್ತದೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಯೊಂದರಿಂದ ಅಮೆರಿಕಕ್ಕೆ ಹೋಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಅಂಥದೊಂದು ಸುದ್ದಿಯನ್ನು ಕಳುಹಿಸಿದ. ಟೆನೆಸಿ ಸಂಸ್ಥಾನದ ಒಕೋಯಿ ಎಂಬ ಹೊಳೆಯಲ್ಲಿ, ಗಾಳಿ ತುಂಬಿದ ರಬ್ಬರು ತೆಪ್ಪವನ್ನೇರಿ, ಐದು ಮಂದಿ ಸಹಪಾಠಿಗಳೊಡನೆ ಬಂಡೆಗಳ ನಡುವೆ ಹಾದುಬಂದನಂತೆ. ಎರಡು ಸಲ ನೀರು ಕುಡಿದನಂತೆ. ಒಂದು ಸಲ ತೆಪ್ಪದಿಂದ ಹೊರಗೆ ಬಿದ್ದನಂತೆ. ಅಂಬಿಗನು ಎದೆಯಂಗಿಯ ಹೆಗಲಪಟ್ಟಿ ಹಿಡಿದು ಮತ್ತೆ ಒಳಗೆ ಎಳೆದುಕೊಂಡನಂತೆ. ಆ ಹುಡುಗನಿಗೆ ಈಜು ಬಾರದು.

ಈ ಆಟಕ್ಕೆ ಅಲ್ಲಿಯವರು ರ‍್ಯಾಫ್ಟಿಂಗ್ ಎನ್ನುತ್ತಾರೆ. ಬಂಡೆಗೆ ಬಡಿದು ನೊರೆಯೆದ್ದ ಹೊಳೆಗೆ ಬಿಳಿನೀರು ಎನ್ನುತ್ತಾರೆ. ಇಂಥ ಸುದ್ದಿ ನಮ್ಮ ಊರಿನ ಜಗಲಿಗೆ ಬಂದರೆ ಹೊರಡುವ ತೀರ್ಪು ಒಂದೇ: “ತೋಟ ಅಡವಿಟ್ಟು ಸಾಲ ತಂದು ಕಳುಹಿಸಿದ್ದು ಓದಲಿಕ್ಕೋ, ಹೊಳೆಯಲ್ಲಿ ಕುಣಿಯಲಿಕ್ಕೋ?” ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಚಿಂತಾಮಣಿಯ ಮಾವಿನ ತೋಪು, ಚಿಕ್ಕಬಳ್ಳಾಪುರದ ದ್ರಾಕ್ಷಿಯ ತೋಟ, ಗೌರಿಬಿದನೂರಿನ ಮೆಕ್ಕೆಜೋಳದ ಹೊಲ ಇವುಗಳ ಪತ್ರಗಳು ಬ್ಯಾಂಕಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಕುಳಿತಿರುವಾಗ, ಆ ಸಾಲವನ್ನು ತೀರಿಸಬೇಕಾದ ಒಂದೇ ಜೀವ ಸಾವಿರಾರು ಮೈಲಿಯಾಚೆ ಬಂಡೆಗಳ ನಡುವೆ ತೇಲುತ್ತಿದೆ ಎಂದರೆ ಯಾವ ತಾಯಿಗೆ ತಾನೆ ನಿದ್ದೆ ಬಂದೀತು? ಆದರೂ ಈ ತೀರ್ಪಿನಲ್ಲಿ ಎರಡು ದೋಷಗಳಿವೆಯೆಂದು ನನ್ನ ಭಾವನೆ. ಮೊದಲನೆಯದು, ವಿಹಾರವನ್ನು ವಿದ್ಯೆಯ ವೈರಿಯೆಂದು ತಿಳಿಯುವುದು. ಎರಡನೆಯದು, ಅಪಾಯವಿರುವ ಕಡೆ ಬಿಟ್ಟು ಇಲ್ಲದ ಕಡೆ ಬೆರಳು ತೋರಿಸುವುದು.

ಮೊದಲು ನಮ್ಮ ನೆಲದ ಮಾತು. ನಂದಿಯ ಬೆಟ್ಟಸಾಲು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಇವೆಲ್ಲ ಈ ಬೆಟ್ಟಗಳ ಆಸುಪಾಸಿನಲ್ಲೇ ಹುಟ್ಟುತ್ತವೆ. ಭೋಗನಂದೀಶ್ವರನ ಗುಡಿಯ ಶೃಂಗಿತೀರ್ಥವೆಂಬ ಕಲ್ಯಾಣಿಯೇ ದಕ್ಷಿಣ ಪಿನಾಕಿನಿಯ ಮೂಲವೆಂಬ ಪ್ರತೀತಿಯೂ ಇದೆ. ಆದರೆ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ನಿಲ್ಲದಂತೆ ಈ ಹೊಳೆಗಳೂ ಇಲ್ಲಿ ನಿಲ್ಲಲಿಲ್ಲ; ಒಂದು ನೆಲ್ಲೂರಿನ ಬಳಿಗೆ ಹೋಗಿ ಕಡಲು ಸೇರಿತು, ಮತ್ತೊಂದು ಕಡಲೂರಿನ ಬಳಿಗೆ. ತವರಿಗೆ ಉಳಿದದ್ದು ಮರಳಿನ ಪಾತ್ರ. ಅದರ ಮರಳೂ ಬಹುಪಾಲು ಲಾರಿ ಹತ್ತಿಹೋಯಿತು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊಳವೆಬಾವಿ ಸಾವಿರ ಅಡಿಯನ್ನು ದಾಟಿದರೂ ಧೂಳನ್ನೇ ಉಗುಳುವುದು ಇಲ್ಲಿ ವಿಶೇಷದ ಸುದ್ದಿಯಲ್ಲ.

ಕನ್ನಡ ಪಾಠ ಹೇಳುವವನಿಗೆ ಈ ಬರದ ಇನ್ನೊಂದು ಮುಖ ಕಾಣುತ್ತದೆ. ಸುಳಿ, ಮಡು, ಸೆಳವು, ಹುಟ್ಟು, ಜಲ್ಲೆ, ಹರಿಗೋಲು, ತೆಪ್ಪ ಎಂಬ ಮಾತುಗಳು ಹಳಗನ್ನಡ ಕಾವ್ಯದಲ್ಲಿಯೋ ವಚನದಲ್ಲಿಯೋ ದಾಸರ ಪದದಲ್ಲಿಯೋ ಬಂದಾಗ ತರಗತಿ ಮೌನವಾಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಎರಡು ನುಡಿಗಳಲ್ಲಿ ಲೀಲಾಜಾಲವಾಗಿ ಓಡಾಡುವ ಮಕ್ಕಳು ಇವರು. ನುಡಿಯ ಬಡತನವಲ್ಲ ಇದು, ಕಾಣ್ಕೆಯ ಬಡತನ. ಏರಿ, ತೂಬು, ಕೋಡಿ ಎಂದರೆ ಕಣ್ಣರಳಿಸುತ್ತಾರೆ. ಕೆರೆಯ ಮಾತುಗಳು ಅವರಿಗೆ ಗೊತ್ತು. ಮಡುವಿಗೂ ಸುಳಿಗೂ ಏನು ವ್ಯತ್ಯಾಸವೆಂದರೆ ಪುಸ್ತಕದ ಕೊನೆಯ ಶಬ್ದಾರ್ಥವನ್ನು ಒಪ್ಪಿಸುತ್ತಾರೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಮಾತಿಗೆ ಆ ಕಡುಪು ಎಲ್ಲಿಂದ ಬಂತೆಂಬುದನ್ನು ಹುಟ್ಟು ಹಾಕುವ ಕೈಯನ್ನು ಕಾಣದವರಿಗೆ ವಿವರಿಸುವುದು ಸುಲಭವಲ್ಲ. ನಮ್ಮ ಹುಡುಗನು ತಾನು ಬಿದ್ದ ಜಾಗವನ್ನು ವರ್ಣಿಸುತ್ತ, “ಸಾರ್, ಸುಳಿ ಅಂದರೆ ಏನೂಂತ ಈಗ ಗೊತ್ತಾಯಿತು” ಎಂದು ಬರೆದಿದ್ದಾನೆ. ಆ ಒಂದು ವಾಕ್ಯಕ್ಕಾಗಿ ಅವನ ಸಾಹಸವನ್ನು ಅರ್ಧ ಮನ್ನಿಸಬಹುದೆಂದು ನನಗೆ ತೋರಿತು. ಉಳಿದರ್ಧದ ವಿಚಾರ ಮುಂದೆ.

ಆ ಒಕೋಯಿ ಹೊಳೆಯ ಚರಿತ್ರೆಯೂ ನಮ್ಮವರು ಕೇಳತಕ್ಕದ್ದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿ, ನೀರನ್ನು ಮರದ ಕಾಲುವೆಯೊಂದರ ಮೂಲಕ ಬೆಟ್ಟದ ಮಗ್ಗುಲಲ್ಲಿ ಸಾಗಿಸಿ ವಿದ್ಯುತ್ತನ್ನು ತೆಗೆದರು. ಹೊಳೆಯ ಪಾತ್ರ ಅರುವತ್ತು ವರ್ಷಗಳಷ್ಟು ಕಾಲ ಬಹುಮಟ್ಟಿಗೆ ಬತ್ತಿಹೋಗಿತ್ತು. 1976ರಲ್ಲಿ ಕಾಲುವೆ ಶಿಥಿಲವಾಯಿತೆಂದು ಮುಚ್ಚಿದಾಗ ನೀರು ಹಳೆಯ ಪಾತ್ರಕ್ಕೆ ಮರಳಿತು, ತೆಪ್ಪದವರು ಬಂದರು. ಕಾಲುವೆಯ ದುರಸ್ತಿಯಾದ ಮೇಲೆ, ಇಂತಿಂಥ ದಿನ ಇಂತಿಷ್ಟು ಹೊತ್ತು ನೀರನ್ನು ಹೊಳೆಗೆ ಬಿಡತಕ್ಕದ್ದೆಂಬ ಒಪ್ಪಂದವಾಯಿತು. 1996ರ ಒಲಿಂಪಿಕ್ ಕೂಟದ ಬಿಳಿನೀರಿನ ದೋಣಿ ಪಂದ್ಯಗಳು ನಡೆದುದು ಅದೇ ಹೊಳೆಯ ಮೇಲಣ ಭಾಗದಲ್ಲಿ. ಎಂದರೆ ಅಲ್ಲಿ ಹೊಳೆಯು ರೈಲಿನಂತೆ ವೇಳಾಪಟ್ಟಿಯ ಪ್ರಕಾರ ಬರುತ್ತದೆ. ಆ ಪಟ್ಟಿ ಎಲ್ಲರಿಗೂ ತಿಳಿದಿರುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ವಿಹಾರದಿಂದ ಬರುವ ವಿದ್ಯೆ. ತೆಪ್ಪದಲ್ಲಿ ಕುಳಿತವನು ತನ್ನೊಬ್ಬನ ಬಲದಿಂದ ಏನನ್ನೂ ಸಾಧಿಸಲಾರ. ಆರು ಕೈಗಳ ಹುಟ್ಟು ಒಂದೇ ತಾಳದಲ್ಲಿ ನೀರಿಗಿಳಿಯಬೇಕು. ಹಿಂದೆ ಕುಳಿತ ಅಂಬಿಗನು “ಮುಂದೆ” ಎಂದರೆ ಮುಂದೆ, “ಹಿಂದೆ” ಎಂದರೆ ಹಿಂದೆ, “ನಿಲ್ಲಿಸಿ” ಎಂದರೆ ಆ ಕ್ಷಣ ನಿಲ್ಲಬೇಕು. ಅಲೆ ಮೇಲೆರಗಿದಾಗ ಅಂಜಿ ಹುಟ್ಟನ್ನು ಮೇಲೆತ್ತಿದವನೇ ಮೊದಲು ಬೀಳುತ್ತಾನೆ. ಹುಟ್ಟನ್ನು ನೀರಿನೊಳಗೆ ಊರಿದವನಿಗೆ ಅದೇ ಊರುಗೋಲು. ತೆಪ್ಪ ಬಂಡೆಗೆ ತಾಗಿದಾಗ ಮನುಷ್ಯನ ಸ್ವಭಾವ ಹಿಂದಕ್ಕೆ ಸರಿಯೆನ್ನುತ್ತದೆ. ಹಾಗೆ ಸರಿದರೆ ಮೇಲಿನಿಂದ ಬರುವ ನೀರು ಅಂಚನ್ನು ತುಳಿದು ತೆಪ್ಪವನ್ನು ಮಗುಚುತ್ತದೆ. ಬಂಡೆಯ ಕಡೆಗೇ ಮೈಯೊಡ್ಡಿ ವಾಲಬೇಕು. ಬಂಡೆಯ ಬೆನ್ನ ಹಿಂದೆ ನೀರು ಶಾಂತವಾಗಿ ತಿರುಗಿ ನಿಂತಿರುತ್ತದೆ. ಅನುಭವಿಯಾದ ಅಂಬಿಗನು ದಣಿದವರನ್ನು ಅಲ್ಲಿ ವಿಶ್ರಮಿಸಗೊಡುತ್ತಾನೆ. ಇವನ್ನೆಲ್ಲ ಯಾವ ಉಪನ್ಯಾಸದಿಂದ ಕಲಿಸಲು ಸಾಧ್ಯ? ನಾಲ್ಕು ದೇಶಗಳ ನಾಲ್ಕು ನುಡಿಗಳ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಒಂದೇ ಕೈಯಾಗುವುದನ್ನು ಯಾವ ಪಠ್ಯಕ್ರಮದಲ್ಲಿ ಸೇರಿಸಲಾದೀತು?

ಇದು ಹೊಸ ಮಾತೇನೂ ಅಲ್ಲ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಹುಟ್ಟಿದುದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅಲೆದಾಟದಿಂದ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ವಿಹಾರವೂ ವಿದ್ಯೆಯೇ ಎಂಬುದಕ್ಕೆ ಮುದ್ರೆ ಬಿದ್ದಂತಾಯಿತು. ಅಮೆರಿಕದಲ್ಲಿ ಕೊಲೊರಾಡೊ ನದಿಯ ಮಹಾಕಂದರದ ಯಾನಕ್ಕೆ 1869ರಲ್ಲಿ ಹತ್ತು ಮಂದಿಯ ತಂಡವಾಗಿ, ನಾಲ್ಕು ಮರದ ದೋಣಿಗಳೊಡನೆ ಹೊರಟವನು ಜಾನ್ ವೆಸ್ಲಿ ಪೊವೆಲ್. ಆತನೂ ಒಬ್ಬ ಭೂವಿಜ್ಞಾನದ ಅಧ್ಯಾಪಕನೇ. ಯುದ್ಧದಲ್ಲಿ ಒಂದು ಕೈಯನ್ನು ಕಳೆದುಕೊಂಡಿದ್ದವನು. ಅದಕ್ಕೆ ಎರಡು ವರ್ಷ ಮೊದಲು ವಿದ್ಯಾರ್ಥಿಗಳನ್ನು ಬೆಟ್ಟಗಳಿಗೆ ಕರೆದೊಯ್ದಿದ್ದ. ಹತ್ತು ಮಂದಿಯಲ್ಲಿ ಯಾನವನ್ನು ಮುಗಿಸಿದವರು ಆರು ಜನ ಮಾತ್ರ. ಹೊಳೆಯು ಜ್ಞಾನವನ್ನು ಕೊಡುತ್ತದೆ, ಬೆಲೆಯನ್ನೂ ಕೇಳುತ್ತದೆ ಎಂಬುದಕ್ಕೆ ಆ ಲೆಕ್ಕವೇ ಸಾಕ್ಷಿ. ತೆಪ್ಪವೆಂದರೆ ಪಶ್ಚಿಮದವರ ಹುಚ್ಚೆಂದೂ ಯಾರೂ ಭಾವಿಸಬೇಕಾಗಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನರು ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂದು ಪರದೇಶಿಯೊಬ್ಬ ನಮ್ಮ ಹರಿಗೋಲನ್ನು ನೋಡಿ ಬರೆದ. ಇಂದು ನಮ್ಮ ಹುಡುಗ ಪರದೇಶದ ತೆಪ್ಪವನ್ನೇರಿ ನಮಗೆ ಬರೆದಿದ್ದಾನೆ.

ಈಗ ಎರಡನೆಯ ದೋಷದ ಮಾತಿಗೆ ಬರೋಣ. ಪರದೇಶದಲ್ಲಿ ನೀರಿಗೆ ಬಲಿಯಾದ ನಮ್ಮ ವಿದ್ಯಾರ್ಥಿಗಳ ಸುದ್ದಿ ವರ್ಷಕ್ಕೆರಡು ಸಲವಾದರೂ ಬರುತ್ತದೆ. 2024ರ ಏಪ್ರಿಲಿನಲ್ಲಿ ಸ್ಕಾಟ್ಲೆಂಡಿನ ಟಮೆಲ್ ಹೊಳೆಯ ಜಲಪಾತದ ಬಳಿ ಆಂಧ್ರಮೂಲದ ಇಬ್ಬರು ವಿದ್ಯಾರ್ಥಿಗಳು ಹೋದರು. ಅದೇ ವರ್ಷದ ಜೂನಿನಲ್ಲಿ ರಷ್ಯದ ವೋಲ್ಖೊವ್ ನದಿಯಲ್ಲಿ ವೈದ್ಯಕೀಯ ಓದುತ್ತಿದ್ದ ನಾಲ್ವರು ಹೋದರು. ನಮ್ಮ ದೇಶದಲ್ಲಿಯೇ 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ, ಹೈದರಾಬಾದಿನಿಂದ ಪ್ರವಾಸ ಬಂದ ಇಪ್ಪತ್ತನಾಲ್ಕು ಮಂದಿ ವಿದ್ಯಾರ್ಥಿಗಳು, ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕ್ಷಣಾರ್ಧದಲ್ಲಿ ಕೊಚ್ಚಿಹೋದರು. ಇವರಲ್ಲಿ ಯಾರೂ ತೆಪ್ಪವೇರಿದವರಲ್ಲ. ಯಾರ ಮೈಮೇಲೂ ತೇಲುವ ಅಂಗಿ ಇರಲಿಲ್ಲ, ಯಾರ ಬೆನ್ನ ಹಿಂದೆಯೂ ಅಂಬಿಗನಿರಲಿಲ್ಲ. ದಡದಲ್ಲಿ ನಿಂತವರು, ಕಾಲು ತೊಳೆಯಲು ಇಳಿದವರು, ಚಿತ್ರ ತೆಗೆಸಿಕೊಳ್ಳಲು ಬಂಡೆಯೇರಿದವರು. ಒಕೋಯಿಯಲ್ಲೂ ಬಿಯಾಸಿನಲ್ಲೂ ನೀರನ್ನು ಬಿಟ್ಟುದು ಅಣೆಕಟ್ಟೇ. ಒಂದು ಕಡೆ ಅದು ಬರುವ ಹೊತ್ತು ಎಲ್ಲರಿಗೂ ತಿಳಿದಿತ್ತು. ಇನ್ನೊಂದು ಕಡೆ ಬಂಡೆಯ ಮೇಲಿದ್ದ ಮಕ್ಕಳಿಗೆ ತಿಳಿದಿರಲಿಲ್ಲ. ಆಟಕ್ಕೂ ಅಳಿವಿಗೂ ನಡುವೆ ಇದ್ದುದು ಅಷ್ಟೇ.

ಆದ್ದರಿಂದ ನಮ್ಮ ಹೆತ್ತವರ ಭಯ ತೆಪ್ಪದ ಮೇಲೆ ಬಿದ್ದು, ದಡವನ್ನು ಬಿಟ್ಟುಬಿಟ್ಟಿದೆಯೆಂದು ನಾನು ಹೇಳುವುದು. ಹೊಳೆಯ ಅಬ್ಬರಕ್ಕೆ ಅಂತಾರಾಷ್ಟ್ರೀಯ ಒಪ್ಪಿಗೆಯ ಒಂದರಿಂದ ಆರರವರೆಗಿನ ದರ್ಜೆಗಳಿವೆ. ಒಂದನೆಯದು ಮಕ್ಕಳಾಟ, ಆರನೆಯದು ಪ್ರಾಣದ ಪಣ. ನುರಿತ ಅಂಬಿಗನು ಹೊಸಬರನ್ನು ಯಾವ ದರ್ಜೆಯ ನೀರಿಗೆ ಇಳಿಸಬೇಕೆಂಬುದನ್ನು ಬಲ್ಲ. ಆದರೆ ಹಸುರು ಮರಗಳ ನೆರಳಲ್ಲಿ ಕನ್ನಡಿಯಂತೆ ಮಲಗಿರುವ ಮಡುವಿಗೆ ದರ್ಜೆ ಹಾಕಿ ಹಲಗೆ ನೆಡುವವರು ಯಾರು? ಮಂಜು ಕರಗಿ ಬಂದ ನೀರು ಬೇಸಗೆಯ ಬಿಸಿಲಲ್ಲೂ ಕೊರೆಯುತ್ತದೆ. ಹಠಾತ್ತಾಗಿ ಅದಕ್ಕೆ ಬಿದ್ದವನು ತನಗರಿಯದೆ ಉಸಿರೆಳೆದು ನೀರನ್ನೇ ಸೇದಿಬಿಡುತ್ತಾನೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ಮನುಷ್ಯನನ್ನು ತಿಳಿನೀರಿನಷ್ಟು ಎತ್ತಿಹಿಡಿಯಲಾರದು. ಹರಿವಿನಲ್ಲಿ ನಿಲ್ಲಲು ಹೋದವನ ಪಾದ ಕಲ್ಲುಗಳ ಸಂದಿಯಲ್ಲಿ ಸಿಕ್ಕಿದರೆ, ಸೊಂಟದುದ್ದದ ನೀರೂ ಅವನನ್ನು ಕೆಡವಿ ಮುಳುಗಿಸಬಲ್ಲದು. ಬಿದ್ದವನು ನಿಲ್ಲಬಾರದು, ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ, ಹೆಬ್ಬೆರಳುಗಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ನಮ್ಮ ಹುಡುಗ ಬದುಕಿದುದು ಈಜಿನಿಂದಲ್ಲ. ತೆಪ್ಪವೇರುವ ಮುನ್ನ ಕಾಲು ಗಂಟೆ ಹೇಳಿಕೊಟ್ಟ ಈ ಪಾಠದಿಂದ, ಮತ್ತು ಮೈಗೆ ಬಿಗಿದಿದ್ದ ಅಂಗಿಯಿಂದ.

ಹಾಗೆಂದು ಈಜು ಬಾರದೆ ಹೋದರೂ ನಡೆಯುತ್ತದೆಂದು ನಾನು ವಾದಿಸುತ್ತಿಲ್ಲ. ಮನ್ನಿಸದೆ ಉಳಿಸಿಕೊಂಡ ಅರ್ಧ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಈ ಸಾವುಗಳನ್ನು ತಡೆಯುವ ದಿನವೆಂದು ಗೊತ್ತುಮಾಡಿತು. ಆರು ವರ್ಷ ದಾಟಿದ ಮಕ್ಕಳಿಗೆ ತೇಲುವುದನ್ನೂ ಈಜುವುದನ್ನೂ ಕಲಿಸಬೇಕೆಂಬುದು ಆರೋಗ್ಯ ಸಂಸ್ಥೆಯ ಸಲಹೆ. ನೀರಿಲ್ಲದ ಜಿಲ್ಲೆಗೆ ಈಜು ಏಕೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ನೀರಿಲ್ಲದ ಜಿಲ್ಲೆಗೇ ಅದು ಹೆಚ್ಚು ಬೇಕು. ಮಲೆನಾಡಿನ ಮಗು ಹಳ್ಳದ ಗುಣವನ್ನು ತಾಯ ಮಡಿಲಲ್ಲೇ ಕಲಿಯುತ್ತದೆ. ನಮ್ಮ ಮಗುವಿಗೆ ನೀರು ಅಪರೂಪದ ಅತಿಥಿ. ಅತಿಥಿಯ ಕೋಪತಾಪಗಳು ಗೊತ್ತಿಲ್ಲ, ಸಂಭ್ರಮವೊಂದೇ ಗೊತ್ತು.

ಆ ಸಂಭ್ರಮ ಏನು ಮಾಡಬಲ್ಲದೆಂಬುದನ್ನು ಕಣ್ಣಾರೆ ಕಂಡಿದ್ದೇವೆ. 2021ರ ಮಳೆಗಾಲದ ಕೊನೆಯಲ್ಲಿ ಕಂದವಾರದ ಕೆರೆ ತುಂಬಿ ಹರಿಯಿತು. ಗೌರಿಬಿದನೂರಿನ ಸೀಮೆಯಲ್ಲಿ ಉತ್ತರ ಪಿನಾಕಿನಿ ಮರಳಿ ಹೊಳೆಯಾದಳು. ಜನ ಬಾಗಿನ ಹಿಡಿದು ಬಂದರು. ಮರುವರ್ಷದ ಮೇ ತಿಂಗಳಲ್ಲಿ ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸಸಾಗರ ತುಂಬಿ ಕಟ್ಟೆಯ ಗೋಡೆಯ ಮೇಲಿಂದ ನೀರು ಧುಮುಕುತ್ತಿದ್ದಾಗ, ಆ ಜಾರುಗೋಡೆಯನ್ನು ಏರಹೊರಟ ಯುವಕನೊಬ್ಬ ಎತ್ತರದಿಂದ ಬಿದ್ದು ಗಾಯಗೊಂಡ ದೃಶ್ಯವನ್ನು ದೇಶವೇ ನೋಡಿತು. ಅವನನ್ನು ಬೈದವರು ಬಹಳ. ಆದರೆ ಆ ಯುವಕನ ಮೈಯಲ್ಲಿ ಕುಣಿದ ಹುಮ್ಮಸ್ಸಿಗೂ ಒಕೋಯಿಯಲ್ಲಿ ಹುಟ್ಟು ಹಾಕಿದ ನಮ್ಮ ಹುಡುಗನ ಹುಮ್ಮಸ್ಸಿಗೂ ಎಳ್ಳಷ್ಟೂ ಭೇದವಿಲ್ಲ. ಭೇದವಿರುವುದು ಒಬ್ಬನಿಗೆ ಅಂಬಿಗನಿದ್ದ, ಇನ್ನೊಬ್ಬನಿಗೆ ಇರಲಿಲ್ಲ ಎಂಬುದರಲ್ಲಿ. ಹುಮ್ಮಸ್ಸನ್ನು ಬೈದು ಒಣಗಿಸಲಾಗುವುದಿಲ್ಲ. ಅದಕ್ಕೆ ಕಾಲುವೆ ತೋಡಬೇಕು.

ಇನ್ನೊಂದು ಸಂಗತಿ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಸಂಸ್ಕರಿಸಿದ ನೀರು ಏತದಲ್ಲಿ ಬಂದು ನಮ್ಮ ಕೆರೆಗಳನ್ನು ಸೇರುತ್ತಿದೆ. ಆ ನೀರಿನ ಗುಣದೋಷಗಳ ಚರ್ಚೆ ಬೇರೆ; ಕೆರೆಗಳಲ್ಲಿ ಆಳ ಮರಳಿದೆ ಎಂಬುದು ಮಾತ್ರ ನಿಶ್ಚಯ. ತೋಟತೋಟದಲ್ಲೂ ಕೃಷಿಹೊಂಡಗಳೆದ್ದಿವೆ. ಅವುಗಳ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದ ಮಗುವಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗದು. ಹೊಂಡಕ್ಕೆ ನಾಲ್ಕು ಕಡೆ ಬೇಲಿ, ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ ಇವುಗಳ ವೆಚ್ಚ ಒಂದು ಹಬ್ಬದ ಊಟದಷ್ಟೂ ಆಗಲಾರದು. ಪರದೇಶದ ಹೊಳೆಗೆ ಅಂಜುವ ನಾವು ಮನೆಯ ಹಿತ್ತಿಲ ಹೊಂಡವನ್ನು ಬೇಲಿಯಿಲ್ಲದೆ ಬಿಡುವುದು ವಿಚಿತ್ರವಲ್ಲವೆ?

ಆಗಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರೆಯಾಯಿತು. ತಾಲ್ಲೂಕಿಗೊಂದರಂತೆ ಶಾಲೆಯ ಮಕ್ಕಳೆಲ್ಲ ಸರದಿಯ ಮೇಲೆ ತೇಲಲು ಕಲಿಯುವಂಥ ಎದೆಮಟ್ಟದ ಕೊಳ ಬೇಕು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಹೊತ್ತೂ ಕಲಿಸುವ ಹೆಂಗಸರೂ ಇರಬೇಕು. ಪರದೇಶದ ತರಗತಿಗಳಿಗೆ ಅವರೂ ಹೋಗುತ್ತಿದ್ದಾರೆ. ಪದವಿ ಮುಗಿಸಿ ಹೊರಡುವವರಿಗೆ ಪ್ರವೇಶಪತ್ರ, ಬ್ಯಾಂಕಿನ ಸಾಲ, ಇಂಗ್ಲಿಷಿನ ಪರೀಕ್ಷೆ ಇವುಗಳಿಗೆ ತೋರುವ ಆಸ್ಥೆಯಲ್ಲಿ ನೂರರಲ್ಲೊಂದು ಪಾಲನ್ನು ಈಜಿಗೂ ತೋರಬೇಕು. ಮೊದಲ ತೆಪ್ಪವನ್ನು ನಮ್ಮ ನಾಡಿನಲ್ಲೇ ಏರಬಹುದು: ದಾಂಡೇಲಿಯ ಕಡೆ ಸೂಪಾ ಅಣೆಕಟ್ಟಿನ ನೀರು ಬಿಟ್ಟಾಗ ಕಾಳಿಯಲ್ಲಿ, ಮಳೆಗಾಲದಲ್ಲಿ ಕೊಡಗಿನ ಬರಪೊಳೆಯಲ್ಲಿ. ಅಲ್ಲಿಯೂ ಏರುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಅವೇ. ಈ ತೆಪ್ಪಕ್ಕೆ ಎಷ್ಟು ಜನ, ಈಗ ಹತ್ತಿರುವುದೆಷ್ಟು? ನೀರಿನ ದರ್ಜೆ ಯಾವುದು? ಅಂಗಿ ಮೈಗೆ ಬಿಗಿಯಾಗಿದೆಯೆ? ಬಿದ್ದವನಿಗೆ ಹಗ್ಗ ಎಸೆಯುವವನು ಎಲ್ಲಿ ನಿಂತಿದ್ದಾನೆ? ಉತ್ತರ ಸರಿಬೀಳದಿದ್ದರೆ, ಕೊಟ್ಟ ಹಣ ಹೋಗಲಿ, ದಡದಲ್ಲಿ ಉಳಿಯುವುದೇ ಲೇಸು. ಜೊತೆಗಾರರು ನಕ್ಕರೆ ನಗಲಿ.

ಹೀಗೆ ಪ್ರಶ್ನೆ ಕೇಳುವುದು ಈ ನೆಲಕ್ಕೆ ಪರಕೀಯವಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಒಹಾಯೊ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಓದಿ 1960ರಲ್ಲಿ ಡಾಕ್ಟರೇಟ್ ಪಡೆದರು. ಮರಳಿ ಬಂದು, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು ಬಾಳಿನುದ್ದಕ್ಕೂ ಬೋಧಿಸಿದರು. ಪವಾಡದ ಮುಂದೆ ಕೇಳತಕ್ಕ ಪ್ರಶ್ನೆಯನ್ನು ತೆಪ್ಪದ ಮುಂದೆಯೂ ಕೇಳಬಹುದು.

ಕಡೆಗೊಂದು ಮಾತು ಹೆತ್ತವರಿಗೆ. “ಮನೆಯಲ್ಲಿ ಹೇಳಬೇಡಿ” ಎಂಬ ಪೀಠಿಕೆಯೇ ಈ ಎಲ್ಲ ಅಪಾಯಗಳಲ್ಲಿ ದೊಡ್ಡದು. ಬೈಗುಳಕ್ಕೆ ಅಂಜಿದ ಮಗ ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಆಗ ಅವನು ಯಾವ ಹೊಳೆಗೆ ಯಾರೊಡನೆ ಹೋದನೆಂಬುದು ಯಾರಿಗೂ ತಿಳಿಯದು. ಹೋಗಬೇಡವೆನ್ನುವ ತಾಯಿಗಿಂತ, “ಅಂಗಿ ಬಿಗಿಯಾಗಿ ಕಟ್ಟಿಕೋಪ್ಪ, ಅಂಬಿಗ ಹೇಳಿದ್ದು ಕೇಳು, ದಡಕ್ಕೆ ಬಂದ ತಕ್ಷಣ ಒಂದು ಮಾತು ತಿಳಿಸು” ಎನ್ನುವ ತಾಯಿ ಮಗನನ್ನು ಹೆಚ್ಚು ಭದ್ರವಾಗಿ ಕಾಯುತ್ತಾಳೆ. ನಮ್ಮ ಬೆಟ್ಟದಲ್ಲಿ ಹುಟ್ಟಿದ ಹೊಳೆಗಳನ್ನು ನಾವು ತಡೆದು ನಿಲ್ಲಿಸಲಾರದೆ ಹೋದೆವು, ಮಕ್ಕಳನ್ನೂ ನಿಲ್ಲಿಸಲಾರೆವು. ಹೊರಡುವ ಮೊದಲು ಅವರಿಗೆ ತೇಲುವುದನ್ನು ಕಲಿಸಿ ಕಳುಹಿಸುವುದು ಮಾತ್ರ ನಮ್ಮ ಕೈಯಲ್ಲಿದೆ.